ಬೇಡವೆಂದ ಕಾರ್ಡು: ಅಲೆಕ್ಸಾಂಡ್ರಿಯದ ಸ್ಮಾರಕ ಗ್ರಂಥಾಲಯ ಮತ್ತು ಓದಿನ ರಾಜಕಾರಣ

ವಿಮರ್ಶೆಯ ವಿಶೇಷಾಂಕದಲ್ಲಿ ಇಟ್ಟಿಗೆ-ಗಾರೆಯ ಕಟ್ಟಡವೊಂದರ ಚರಿತ್ರೆಗೆ ಏನು ಕೆಲಸ ಎಂದು ಕೆಲವರಿಗಾದರೂ ಅನ್ನಿಸಬಹುದು. ಕನ್ನಡದಲ್ಲಿ ದಲಿತ ವಿಮರ್ಶೆ ಹೆಚ್ಚಾಗಿ ಕೃತಿಯೊಳಗೇ ಓಡಾಡಿದೆ. 'ಚೋಮನ ದುಡಿ'ಯ ಚೋಮ ಸಹಾನುಭೂತಿಯ ಕೂಸೋ ಅನುಭವದ ಕೂಸೋ, ದಲಿತನ ಭಾಷೆ ಶಿಷ್ಟ ಕಾವ್ಯದಲ್ಲಿ ದಕ್ಕುತ್ತದೋ ಇಲ್ಲವೋ, ಇಂಥ ಪ್ರಶ್ನೆಗಳನ್ನು ನಾವು ಬಹಳ ಕಾಲ ಜಗ್ಗಾಡಿದ್ದೇವೆ. ಜಗ್ಗಾಡಬೇಕಾದ್ದೇ. ಆದರೆ ಕೃತಿ ಕೈಗೆ ಬರುವುದಕ್ಕೆ ಮುಂಚೆ ಒಂದು ಬಾಗಿಲಿದೆ, ಬಾಗಿಲಲ್ಲಿ ಒಬ್ಬ ಗುಮಾಸ್ತನಿದ್ದಾನೆ, ಅವನ ಮೇಜಿನ ಮೇಲೆ ಒಂದು ಫಾರಂ ಇದೆ. ಈ ಮೂರನ್ನು ದಾಟಿ ಬಂದವರು ಮಾತ್ರ ಸಹೃದಯರು ಅಂತ ಕರೆಸಿಕೊಳ್ಳುತ್ತಾರೆ. ನಮ್ಮ ಮೀಮಾಂಸೆಗಳು ಸಹೃದಯನ ಬಗ್ಗೆ ಎಷ್ಟೊಂದು ಮಾತಾಡಿವೆ. ಅವನು ಯಾವ ಬಾಗಿಲಿಂದ ಒಳಗೆ ಬಂದ ಅಂತ ಕೇಳಿದ್ದು ಕಡಿಮೆ. ಅದಕ್ಕೇ ಈ ಕಟ್ಟಡದ ಕತೆ.

ಕಟ್ಟಡ ಇರುವುದು ಅಮೆರಿಕದ ವರ್ಜೀನಿಯ ರಾಜ್ಯದ ಅಲೆಕ್ಸಾಂಡ್ರಿಯದಲ್ಲಿ. ರಾಜಧಾನಿ ವಾಷಿಂಗ್ಟನ್‌ಗೆ ನದಿಯಾಚೆಯ ಊರು. 1940ರ ಜನಗಣತಿಯ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಮೂವತ್ತಮೂರು ಸಾವಿರದಷ್ಟು, ನಮ್ಮ ಒಂದು ತಾಲೂಕು ಪಟ್ಟಣದಷ್ಟು. ಅಷ್ಟು ದೂರದ ಊರು ನಮಗ್ಯಾಕೆ ಎನ್ನುವವರಿಗೆ ಒಂದು ಮಾತು ನೆನಪಿಸಬೇಕು. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಜನರ ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ್ದರು. ಡುಬಾಯ್ಸ್ ಉತ್ತರ ಬರೆದಿದ್ದರು. ಅದೇ ಡುಬಾಯ್ಸ್ 1902ರಲ್ಲಿ ಅಟ್ಲಾಂಟಾ ನಗರದಲ್ಲಿ ಕಾರ್ನೆಗಿ ಗ್ರಂಥಾಲಯ ತೆರೆದಾಗ, ನಮ್ಮವರಿಗೆ ಯಾಕೆ ಪ್ರವೇಶವಿಲ್ಲ ಎಂದು ಅದರ ಆಡಳಿತ ಮಂಡಳಿಯ ಎದುರು ಹೋಗಿ ಕೇಳಿದವರು. ಅವರಿಗೆ ಸಿಕ್ಕ ಉತ್ತರ, ನಿಮಗೇ ಅಂತ ಬೇರೆ ಒಂದು ಕಟ್ಟಿಸೋಣ ಎಂಬುದು. ಆ 'ಬೇರೆ' ಗ್ರಂಥಾಲಯ ತೆರೆದದ್ದು 1921ರಲ್ಲಿ. ಹತ್ತೊಂಬತ್ತು ವರ್ಷ! ಈ 'ಬೇರೆ' ಎಂಬ ಪದದ ಜಾಡು ಹಿಡಿದೇ ನಾನು ಅಲೆಕ್ಸಾಂಡ್ರಿಯಕ್ಕೆ ಬಂದದ್ದು.

ಆ ಊರಲ್ಲಿ ಪುಸ್ತಕ ಹಳೆಯದು. 1794ರಲ್ಲೇ ಅಲ್ಲಿ ಚಂದಾದಾರರ ಗ್ರಂಥಾಲಯ ಸಂಸ್ಥೆಯೊಂದು ಹುಟ್ಟಿತ್ತು. ಅದೇ ಊರು ಗುಲಾಮರ ವ್ಯಾಪಾರಕ್ಕೂ ಹೆಸರುವಾಸಿ. 1828ರಿಂದ ಅಲ್ಲಿ ಫ್ರಾಂಕ್ಲಿನ್ ಮತ್ತು ಆರ್ಮ್‌ಫೀಲ್ಡ್ ಎಂಬ ಪಾಲುದಾರರು ಮನುಷ್ಯರನ್ನು ಕೂಡಿಹಾಕಿ, ಲೆಕ್ಕ ಬರೆದು, ದಕ್ಷಿಣದ ಹತ್ತಿ ಹೊಲಗಳಿಗೆ ಸಾಗಿಸುತ್ತಿದ್ದರು. ವರ್ಜೀನಿಯ 1831ರಲ್ಲಿ ಮಾಡಿದ ಕಾನೂನಿನಂತೆ ಕಪ್ಪು ಜನ ಅಕ್ಷರ ಕಲಿಯಲು ಒಂದೆಡೆ ಸೇರುವುದೇ ಅಪರಾಧ. ಅಲೆಕ್ಸಾಂಡ್ರಿಯ ಆಗ ವಾಷಿಂಗ್ಟನ್ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿ ಕಪ್ಪು ಮಕ್ಕಳ ಕೆಲವು ಶಾಲೆಗಳು ಉಸಿರಾಡಿಕೊಂಡಿದ್ದವು. 1847ರಲ್ಲಿ ಊರು ಮತ್ತೆ ವರ್ಜೀನಿಯದ ಪಾಲಾಯಿತು, ಶಾಲೆಗಳು ಮುಚ್ಚಿದವು. ಕಿವಿಗೆ ಕಾದ ಸೀಸ ಹುಯ್ಯುವ ಮಾತು ನಮ್ಮ ಶಾಸ್ತ್ರಗಳಲ್ಲಿ ಮಾತ್ರ ಇತ್ತು ಅಂತ ತಿಳಿದವರು ಇದನ್ನೊಮ್ಮೆ ನೋಡಬೇಕು. ಕೂಡಿಹಾಕಿದವನ ಲೆಕ್ಕದ ಪುಸ್ತಕದಲ್ಲಿ ಹೆಸರಿರಬಹುದು, ಓದುವ ಪುಸ್ತಕ ಮಾತ್ರ ಕೈಯಲ್ಲಿರಕೂಡದು.

ಇನ್ನು ಸ್ಮಾರಕದ ವಿಷಯ. ಕೇಟ್ ವಾಲರ್ ಬ್ಯಾರೆಟ್ ಎಂಬ ವೈದ್ಯೆ 1925ರಲ್ಲಿ ತೀರಿಕೊಂಡರು. ಮದುವೆಯಿಲ್ಲದೆ ಬಸುರಾದ ಹೆಣ್ಣುಮಕ್ಕಳನ್ನು ಸಮಾಜ ಬೀದಿಗೆ ತಳ್ಳಿದಾಗ ಅವರಿಗೆ ಆಸರೆ ಮನೆಗಳನ್ನು ಕಟ್ಟಿದ ಫ್ಲಾರೆನ್ಸ್ ಕ್ರಿಟೆಂಟನ್ ಮಿಷನ್ನಿನ ಹಿಂದಿದ್ದ ಶಕ್ತಿ ಈಕೆ. ಸಣ್ಣ ಹೆಂಗಸಲ್ಲ. ಆಕೆಯ ಮಗ ತಾಯಿಯ ನೆನಪಿಗೆ ಊರಿಗೊಂದು ಗ್ರಂಥಾಲಯ ಕಟ್ಟಿಸಿಕೊಟ್ಟರು. ನಡೆಸುವ ಖರ್ಚು ನಗರಸಭೆಯದು ಅಂತ ಮಾತಾಯಿತು. ಕ್ವೀನ್ ಬೀದಿಯಲ್ಲಿ ಕ್ವೇಕರ್ ಪಂಥದವರ ಹಳೆಯ ಸ್ಮಶಾನದ ಜಾಗವನ್ನು ದೀರ್ಘ ಗುತ್ತಿಗೆಗೆ ಪಡೆದು ಕಟ್ಟಡ ಎದ್ದಿತು. 1937ರ ಆಗಸ್ಟ್‌ನಲ್ಲಿ ಬಾಗಿಲು ತೆರೆಯಿತು. ಗುಲಾಮಗಿರಿಯನ್ನು ಮೊದಮೊದಲು ವಿರೋಧಿಸಿದವರಲ್ಲಿ ಕ್ವೇಕರರು ಮುಖ್ಯರು. ಅಂಥವರ ಗೋರಿಗಳ ಮೇಲೆ, ಸಮಾಜ ಹೊರಹಾಕಿದವರಿಗೆ ಮನೆ ಕೊಟ್ಟ ತಾಯಿಯ ಹೆಸರಲ್ಲಿ ಎದ್ದ ಕಟ್ಟಡ. ಕಪ್ಪು ಜನರಿಗೆ ಪ್ರವೇಶವಿಲ್ಲ.

ಸ್ಮಾರಕಗಳ ಸ್ವಭಾವವೇ ಇದು ಅಂತ ನನಗೆ ಬಹಳ ಸಲ ಅನ್ನಿಸಿದೆ. ಸತ್ತವರ ಒಳ್ಳೆಯತನವನ್ನು ಕಲ್ಲಿನಲ್ಲಿ ಕೆತ್ತಿಸಿದ ಮೇಲೆ ಬದುಕಿರುವವರು ಅದನ್ನು ಮಾಡಬೇಕಾದ ಜರೂರು ಉಳಿಯುವುದಿಲ್ಲ. ನಮ್ಮೂರುಗಳಲ್ಲಿ ಗಾಂಧಿ ಭವನ, ಅಂಬೇಡ್ಕರ್ ಭವನಗಳ ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ವಿಚಾರಿಸಿ ನೋಡಿ.

ದಾನ ಕೊಟ್ಟದ್ದು ಒಂದು ಮನೆತನ. ಆದರೆ ನಡೆಸಿದ್ದು ತೆರಿಗೆ ಹಣ. ತೆರಿಗೆ ಕಟ್ಟುವವರಲ್ಲಿ ಕಪ್ಪು ಜನರೂ ಇದ್ದರು. ಈ ಸರಳ ಲೆಕ್ಕವನ್ನು ಹಿಡಿದು ನಿಂತವನು ಸ್ಯಾಮ್ಯುಯೆಲ್ ವಿಲ್ಬರ್ಟ್ ಟಕ್ಕರ್ ಎಂಬ ವಕೀಲ. ಹುಟ್ಟಿದ್ದು 1913ರಲ್ಲಿ, ಬೆಳೆದದ್ದು ಅದೇ ಕ್ವೀನ್ ಬೀದಿಯಲ್ಲಿ, ಗ್ರಂಥಾಲಯದಿಂದ ಕೂಗಳತೆಯ ದೂರದಲ್ಲಿ. ಊರಲ್ಲಿ ಕಪ್ಪು ಮಕ್ಕಳಿಗೆ ಹೈಸ್ಕೂಲು ಇರಲಿಲ್ಲ, ಅದಕ್ಕೆ ದಿನಾ ವಾಷಿಂಗ್ಟನ್‌ಗೆ ಹೋಗಿ ಬರಬೇಕಾಗಿತ್ತು. 1927ರಲ್ಲಿ, ಹದಿನಾಲ್ಕರ ಹುಡುಗನಾಗಿದ್ದಾಗ, ಊರಿಗೆ ಮರಳುವ ಟ್ರಾಲಿ ಬಂಡಿಯಲ್ಲಿ ಬಿಳಿಯ ಹೆಂಗಸೊಬ್ಬಳಿಗೆ ಸೀಟು ಬಿಡಲಿಲ್ಲವೆಂದು ಅವನ ಮೇಲೂ ಅವನ ಅಣ್ಣತಮ್ಮಂದಿರ ಮೇಲೂ ದೂರು ಬಿದ್ದಿತ್ತು. ಮುಂದೆ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ. ಕಾನೂನು ಕಾಲೇಜಿನ ಮೆಟ್ಟಿಲು ಹತ್ತದೆ, ಒಬ್ಬ ಕಪ್ಪು ವಕೀಲರ ಕಚೇರಿಯಲ್ಲಿ ಕೂತು ಕಾನೂನು ಓದಿ ಪರೀಕ್ಷೆ ಪಾಸು ಮಾಡಿದ. ಪುಸ್ತಕವೊಂದೇ ಗುರು. ಅಂಥವನಿಗೆ ಗ್ರಂಥಾಲಯದ ಬಾಗಿಲು ಮುಚ್ಚಿದರೆ ಹೇಗಾದೀತು?

1939ರ ಮಾರ್ಚ್‌ನಲ್ಲಿ ಟಕ್ಕರ್, ಸೈನ್ಯದಿಂದ ನಿವೃತ್ತನಾದ ಸಾರ್ಜೆಂಟ್ ಜಾರ್ಜ್ ವಿಲ್ಸನ್ ಜೊತೆ ಗ್ರಂಥಾಲಯಕ್ಕೆ ಹೋಗಿ ಕಾರ್ಡು ಕೇಳಿದ. ಕೊಡಲಿಲ್ಲ. ವಿಲ್ಸನ್ ಹೆಸರಲ್ಲಿ ಕೋರ್ಟಿಗೆ ಮ್ಯಾಂಡಮಸ್ ಅರ್ಜಿ ಬಿತ್ತು. ಅಂದರೆ, ಅಧಿಕಾರಿ ತನ್ನ ಕರ್ತವ್ಯ ಮಾಡುವಂತೆ ಆದೇಶಿಸಿ ಎಂಬ ಕೋರಿಕೆ. ಕೋರ್ಟು ಕೋರ್ಟಿನ ಗತಿಯಲ್ಲಿ ನಡೆಯುತ್ತಿತ್ತು. ಟಕ್ಕರ್ ಕಾಯಲಿಲ್ಲ.

ಆಗಸ್ಟ್ 21. ಇಪ್ಪತ್ತರ ಆಸುಪಾಸಿನ ಐವರು ಯುವಕರು: ವಿಲಿಯಂ ಇವಾನ್ಸ್, ಎಡ್ವರ್ಡ್ ಗ್ಯಾಡಿಸ್, ಮಾರಿಸ್ ಮರ್ರೆ, ಕ್ಲಾರೆನ್ಸ್ ಸ್ಟ್ರೇಂಜ್, ಮತ್ತು ಟಕ್ಕರನ ತಮ್ಮ ಆಟೊ ಟಕ್ಕರ್. ನೀಟಾಗಿ ಬಟ್ಟೆ ಹಾಕಿಕೊಂಡು, ಒಬ್ಬೊಬ್ಬರಾಗಿ ಒಳಗೆ ಹೋದರು. ಕಾರ್ಡು ಕೇಳುವುದು, ಇಲ್ಲ ಅಂದರೆ ವಾದ ಮಾಡದೆ ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಂಡು ಮೇಜಿಗೆ ಹೋಗಿ ಕೂತು ಓದುವುದು. ಒಬ್ಬೊಬ್ಬರು ಒಂದೊಂದು ಮೇಜಿಗೆ, ಯಾಕೆಂದರೆ ಒಟ್ಟಿಗೆ ಕೂತು ಮಾತಾಡಿದರು, ಗದ್ದಲ ಮಾಡಿದರು ಎಂಬ ಆರೋಪಕ್ಕೆ ಜಾಗವೇ ಇರಬಾರದು. ಇದೆಲ್ಲ ಟಕ್ಕರ್ ಮೊದಲೇ ಹೇಳಿಕೊಟ್ಟ ಪಾಠ. ಕ್ಲಾರೆನ್ಸ್‌ನ ತಮ್ಮ, ಹದಿನಾಲ್ಕು ವರ್ಷದ ರಾಬರ್ಟ್ ಸ್ಟ್ರೇಂಜ್, ಏನಾಗುತ್ತಿದೆ ಅಂತ ನೋಡಿ ಟಕ್ಕರ್ ಕಚೇರಿಗೆ ಓಡಿ ಸುದ್ದಿ ಮುಟ್ಟಿಸುವ ದೂತ. ಪೊಲೀಸರು ಬಂದರು. ಓದುತ್ತಿದ್ದವರನ್ನು ಎಬ್ಬಿಸಿ ಹೊರಗೆ ಕರೆತಂದರು. ಅಷ್ಟರಲ್ಲಿ ಹೊರಗೆ ಜನ ಸೇರಿದ್ದರು, ಪತ್ರಿಕೆಯವರಿಗೂ ಸುದ್ದಿ ಹೋಗಿತ್ತು. ಆವತ್ತಿನ ಒಂದು ಫೋಟೋ ಉಳಿದಿದೆ: ಟೋಪಿ ಹಾಕಿದ ಪೊಲೀಸಿನವನ ಜೊತೆ ಮದುವೆಗೆ ಹೊರಟವರಂತೆ ಶಿಸ್ತಾಗಿ ನಡೆದು ಬರುತ್ತಿರುವ ಹುಡುಗರು. ಅವರ ಮೇಲೆ ಹೊರಿಸಿದ ಆರೋಪ ಏನು ಗೊತ್ತೆ? ಅಶಿಸ್ತಿನ ವರ್ತನೆ.

ಇಲ್ಲಿ ನಿಂತು ಯೋಚಿಸಬೇಕು. ಗ್ರಂಥಾಲಯದಲ್ಲಿ ಸದ್ದು ಮಾಡದೆ ಕೂತು ಓದುವುದಕ್ಕಿಂತ ಶಿಸ್ತಿನ ಕೆಲಸ ಜಗತ್ತಿನಲ್ಲಿ ಇನ್ನೊಂದಿದೆಯೆ? ಶಿಸ್ತು ಅನ್ನುವುದು ನಡತೆಯ ಹೆಸರಾಗಿದ್ದರೆ ಈ ಕೇಸು ಅಲ್ಲೇ ಬಿದ್ದುಹೋಗಬೇಕಿತ್ತು. ಆರೋಪ ನಿಂತದ್ದು ಶಿಸ್ತು ಎಂಬುದು ಜಾಗದ ಹೆಸರಾಗಿದ್ದರಿಂದ. ನೀನಿರಬೇಕಾದ ಜಾಗದಲ್ಲಿ ನೀನಿಲ್ಲ, ಆದ್ದರಿಂದ ಅಶಿಸ್ತು. ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ 'ಔಚಿತ್ಯ' ಎಂಬ ಪೂಜ್ಯ ಪದವೊಂದಿದೆಯಲ್ಲ, ಅದನ್ನು ಈ ಬೆಳಕಲ್ಲಿ ಯಾರಾದರೂ ತರುಣ ಮಿತ್ರರು ಮತ್ತೊಮ್ಮೆ ಓದಬೇಕು. ವಿಚಾರಣೆಯಲ್ಲಿ ಟಕ್ಕರ್ ಪೊಲೀಸರ ಬಾಯಿಂದಲೇ, ಹುಡುಗರು ಸಭ್ಯರಾಗಿದ್ದರು, ಸುಮ್ಮನಿದ್ದರು ಎಂಬುದನ್ನು ಹೊರಡಿಸಿದ. ನಗರಸಭೆಯ ವಕೀಲರು ಮುಂದೂಡಿಕೆ ಕೇಳಿದರು. ಕೇಸು ಮುಂದಕ್ಕೆ ಹೋಯಿತು, ಹೋಗುತ್ತಲೇ ಹೋಯಿತು, ತೀರ್ಪು ಬರಲೇ ಇಲ್ಲ. ತಪ್ಪಿತಸ್ಥರೆಂದರೆ ಮೇಲಿನ ಕೋರ್ಟಿಗೆ ಹೋಗುತ್ತಾರೆ, ನಿರಪರಾಧಿಗಳೆಂದರೆ ಬಾಗಿಲು ತೆರೆಯಬೇಕಾಗುತ್ತದೆ. ಏನೂ ಹೇಳದಿರುವುದೇ ಲೇಸು. ಅತ್ತ ಸೆಪ್ಟೆಂಬರ್ 1ಕ್ಕೆ ಯೂರೋಪಿನಲ್ಲಿ ಮಹಾಯುದ್ಧ ಶುರುವಾಗಿ ಪತ್ರಿಕೆಗಳೂ ಇದನ್ನು ಮರೆತವು. ಗ್ರೀನ್ಸ್‌ಬರೊ ಊರಿನ ಊಟದ ಕೌಂಟರಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಕೂತ 1960ರ ಫೆಬ್ರವರಿಯ ಧರಣಿ ಜಗತ್ತಿಗೆಲ್ಲ ಗೊತ್ತು. ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಈ ಪುಸ್ತಕದ ಧರಣಿ ಬಹಳ ಕಾಲ ಯಾರ ಬಾಯಲ್ಲೂ ಇರಲಿಲ್ಲ.

ವಿಲ್ಸನ್ ಅರ್ಜಿಯ ತೀರ್ಪು ಬಂದದ್ದು 1940ರ ಜನವರಿಯಲ್ಲಿ. ಅರ್ಜಿ ವಜಾ. ಕಾರಣ: ವಿಲ್ಸನ್ ಕ್ರಮಬದ್ಧವಾಗಿ ಫಾರಂ ತುಂಬಿ ಕಾರ್ಡಿಗೆ ಅರ್ಜಿ ಹಾಕಿಲ್ಲ! ಆದರೆ ನ್ಯಾಯಾಧೀಶರು ಜೊತೆಗೇ ಇನ್ನೊಂದು ಮಾತನ್ನೂ ಹೇಳಿದರು. ಊರಿನ ನಿಜವಾದ ನಿವಾಸಿಗಳಿಗೆ ಗ್ರಂಥಾಲಯ ನಿರಾಕರಿಸಲು ಕಾನೂನಿನಲ್ಲಿ ಆಧಾರ ಕಾಣುತ್ತಿಲ್ಲ ಎಂದು. ಇದನ್ನು ಓದುವಾಗ ನನಗೆ ಮಹಾಡ್ ನೆನಪಾಗದೆ ಇರಲಿಲ್ಲ. ಚವದಾರ್ ಕೆರೆ ಪುರಸಭೆಯ ಆಸ್ತಿ, ಅದೂ ಸಾರ್ವಜನಿಕರದ್ದೇ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅಲ್ಲಿ ನೀರು ಮುಟ್ಟಿದರು. ಮುಟ್ಟಿದ ಮೇಲೆ ಸವರ್ಣರು 108 ಕೊಡ ಪಂಚಗವ್ಯ ಹುಯ್ದು ಕೆರೆಯನ್ನು 'ಶುದ್ಧ' ಮಾಡಿದರು. ಆಗಸ್ಟ್‌ನಲ್ಲಿ ಪುರಸಭೆ ತನ್ನ ಹಳೆಯ ನಿರ್ಣಯವನ್ನೇ ಹಿಂತೆಗೆದುಕೊಂಡಿತು. ಬೊಂಬಾಯಿ ಹೈಕೋರ್ಟು ಕೊನೆಯ ತೀರ್ಪು ಕೊಟ್ಟದ್ದು 1937ರ ಮಾರ್ಚ್‌ನಲ್ಲಿ, ಅಲೆಕ್ಸಾಂಡ್ರಿಯದ ಗ್ರಂಥಾಲಯ ತೆರೆದ ವರ್ಷವೇ. ದಲಿತರು ಗೆದ್ದರು. ಯಾವ ಆಧಾರದ ಮೇಲೆ? ಅಸ್ಪೃಶ್ಯರನ್ನು ದೂರವಿಡುವ ಪದ್ಧತಿ ಅನಾದಿಯಿಂದ ಇದೆ ಎಂಬುದನ್ನು ಎದುರು ಪಕ್ಷ ಸಾಬೀತು ಮಾಡಲಿಲ್ಲ ಎಂಬ ಆಧಾರದ ಮೇಲೆ. ಹಂಗಾದರೆ ಸಾಬೀತು ಮಾಡಿದ್ದರೆ? ಒಂದು ಕಡೆ ಫಾರಂ ತುಂಬಿಲ್ಲವೆಂದು ಸೋಲು, ಇನ್ನೊಂದು ಕಡೆ ಪದ್ಧತಿ ಸಾಕಷ್ಟು ಹಳೆಯದಲ್ಲವೆಂದು ಗೆಲುವು. ಎರಡರಲ್ಲೂ ಮನುಷ್ಯ ಸಮಾನನೋ ಅಲ್ಲವೋ ಎಂಬ ಪ್ರಶ್ನೆಗೆ ಕೋರ್ಟು ಮುಖ ಕೊಡಲಿಲ್ಲ.

ಫಾರಂ ಎಂದರೆ ನನಗೂ ಒಂದು ನೆನಪಿದೆ. ನಾನು ಓದಿದ ಊರಿನ ವಾಚನಾಲಯದಲ್ಲಿ ಕೇರಿ ಹುಡುಗರು ಪೇಪರು ಓದುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಪುಸ್ತಕ ಮನೆಗೆ ಒಯ್ಯಬೇಕಾದರೆ ಮಾತ್ರ ಫಾರಂ ಮೇಲೆ ಜಾಮೀನು ಸಹಿ ಬೇಕು, ದೊಡ್ಡ ಹುದ್ದೆಯವರದು ಇಲ್ಲವೆ ಕಂದಾಯ ಕಟ್ಟುವ ಮನೆ ಒಡೆಯರದು. ನಮ್ಮ ಕೇರಿಯಲ್ಲಿ ಅಂಥ ಸಹಿ ಎಲ್ಲಿತ್ತು? ಫಾರಂನಲ್ಲಿ ಜಾತಿಯ ಕಾಲಂ ಇರಲಿಲ್ಲ, ನಿಜ. ಇರಬೇಕಾದ ಅಗತ್ಯವೇ ಇರಲಿಲ್ಲ.

ಅಲೆಕ್ಸಾಂಡ್ರಿಯದಲ್ಲಿ ತೀರ್ಪಿನ ಬಾಲದ ಮಾತು ನಗರಸಭೆಯನ್ನು ಹೆದರಿಸಿತು. ಯಾರಾದರೂ ಸರಿಯಾಗಿ ಫಾರಂ ತುಂಬಿ ತಂದರೆ? ಹಾಗೆ ತಂದೂ ಬಿಟ್ಟರು. ಆಗ ನಡೆದದ್ದು ಗಡಿಬಿಡಿಯ ದಾನ. ಆಲ್‌ಫ್ರೆಡ್ ಬೀದಿ ಮತ್ತು ವೈತ್ ಬೀದಿ ಕೂಡುವ ಮೂಲೆಯಲ್ಲಿ, ಕಪ್ಪು ಜನರ ವಸತಿಯ ನಡುವೆ, ಅವರಿಗಾಗಿಯೇ ಚಿಕ್ಕದೊಂದು ಗ್ರಂಥಾಲಯ ಕಟ್ಟಲು ತೀರ್ಮಾನವಾಯಿತು. ಅಟ್ಲಾಂಟಾದಲ್ಲಿ ಹತ್ತೊಂಬತ್ತು ವರ್ಷ ಹಿಡಿದದ್ದು ಇಲ್ಲಿ ಕೆಲವೇ ತಿಂಗಳಲ್ಲಿ ಮುಗಿದು, 1940ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಸಮಾನತೆ ಬಾಗಿಲಿಗೆ ಬಂದು ನಿಂತಾಗ ಪ್ರತ್ಯೇಕತೆ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ನೋಡಿ. 1896ರ ಪ್ಲೆಸಿ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 'ಬೇರೆಯಾದರೂ ಸಮಾನ'ವಾಗಿದ್ದರೆ ಸಾಕು ಎಂಬ ಸೂತ್ರಕ್ಕೆ ಮುದ್ರೆಯೊತ್ತಿತ್ತು. ಹೊಸ ಕಟ್ಟಡ ಬೇರೆಯಂತೂ ಆಗಿತ್ತು. ಸಮಾನ ಎಂಬುದಕ್ಕೆ ಕಪಾಟುಗಳೇ ಸಾಕ್ಷಿ: ಬಹುಪಾಲು ಬಳಸಿ ಬಿಟ್ಟ ಪುಸ್ತಕಗಳು.

ಅದಕ್ಕೂ ಒಂದು ಸ್ಮಾರಕದ ಹೆಸರು ಬಂತು: ರಾಬರ್ಟ್ ರಾಬಿನ್‌ಸನ್ ಗ್ರಂಥಾಲಯ. ಹತ್ತೊಂಬತ್ತನೇ ಶತಮಾನದ ಕಪ್ಪು ಪಾದ್ರಿ ಈತ. ಈತನ ಅಜ್ಜಿ ಕ್ಯಾರೊಲಿನ್ ಬ್ರಾನಮ್, ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ನ ಮನೆಯಲ್ಲಿ ಗುಲಾಮಳಾಗಿ ದುಡಿದ ಹೆಂಗಸು. ಹೆಸರೇನೋ ಯೋಗ್ಯವಾದದ್ದೇ. ಕೊಡುವ ಕೈಗೆ ಹೆಸರಿಡುವುದು ಸುಲಭ, ಕಾರ್ಡು ಕೊಡುವುದು ಕಷ್ಟ.

1940ರ ಫೆಬ್ರವರಿ 13ರಂದು, ಹೊಸ ಕಟ್ಟಡ ಇನ್ನೂ ತೆರೆಯದಿರುವಾಗಲೇ, ಟಕ್ಕರ್ ಗ್ರಂಥಪಾಲಕಿಗೆ ಒಂದು ಕಾಗದ ಬರೆದ. ನನ್ನ ಮಟ್ಟಿಗೆ ಇದು ಒಂದು ದೊಡ್ಡ ವಿಮರ್ಶಾ ಬರಹ. ಅದರ ಸಾರಾಂಶ ಇಷ್ಟು: ಕ್ವೀನ್ ಬೀದಿಯ ಗ್ರಂಥಾಲಯದ ಕಾರ್ಡಿಗೆ ನಾನು ಅರ್ಜಿ ಹಾಕಿದ್ದೇನೆ, ಅದರ ಬದಲಿಗೆ ಹೊಸದಾಗಿ ಕಟ್ಟಲಿರುವ ಗ್ರಂಥಾಲಯದ ಕಾರ್ಡನ್ನು ನಾನು ಒಪ್ಪುವುದಿಲ್ಲ, ಎಂದೂ ಒಪ್ಪುವುದಿಲ್ಲ. ಈ ಕಾಗದದ ಜೀವ ಇರುವುದು 'ಬದಲಿಗೆ' ಎಂಬ ಒಂದು ಪದದಲ್ಲಿ. ಟಕ್ಕರ್ ಹೊಸ ಕಟ್ಟಡವನ್ನು ಹಳಿಯಲಿಲ್ಲ. ಅದು ಚಿಕ್ಕದು, ಪುಸ್ತಕ ಹಳೆಯವು ಎಂದು ದೂರಲಿಲ್ಲ. ದೂರಿದ್ದರೆ, ದೊಡ್ಡದು ಕಟ್ಟಿಸುತ್ತೇವೆ, ಹೊಸ ಪುಸ್ತಕ ತರಿಸುತ್ತೇವೆ ಅಂತ ಮಾತು ಅಲ್ಲಿಗೇ ಮುಗಿಸುತ್ತಿದ್ದರು. ಅವನು ಬೇಡವೆಂದದ್ದು ವಿನಿಮಯವನ್ನು. ಜೊತೆಗೆ ಕೊಟ್ಟರೆ ಸವಲತ್ತು, ಬದಲಿಗೆ ಕೊಟ್ಟರೆ ಬೇಲಿ.

ಬೇರೆ ಬಾವಿ, ಬೇರೆ ಲೋಟ, ಮೈಸೂರು ಸಂಸ್ಥಾನದ ಕಾಲದ ಪಂಚಮ ಶಾಲೆ, ಇವೆಲ್ಲ ನಮಗೆ ಗೊತ್ತಿರುವ ರಾಬಿನ್‌ಸನ್ ಗ್ರಂಥಾಲಯಗಳೇ. ಆದರೆ ಸಾಹಿತ್ಯದ ಒಳಗೆ? ಎಂ.ಎ. ಕನ್ನಡದ ಪಠ್ಯವನ್ನು ತೆಗೆದು ನೋಡಿ. ಕೊನೆಯ ಘಟಕದಲ್ಲಿ ದಲಿತ-ಬಂಡಾಯ ಸಾಹಿತ್ಯ ಇರುತ್ತದೆ. ಪಂಪನ ಮೇಲೆ, ಹರಿಹರನ ಮೇಲೆ, ನವ್ಯದ ಮೇಲೆ ದಲಿತ ವಿಮರ್ಶಕನೊಬ್ಬ ಬರೆದದ್ದು ಮೊದಲ ಘಟಕಗಳಲ್ಲಿ ಎಷ್ಟು ಸಲ ಕಾಣುತ್ತದೆ? ವಿಚಾರ ಸಂಕಿರಣಕ್ಕೆ ನನ್ನನ್ನು ಕರೆದಾಗಲೆಲ್ಲ ಗೋಷ್ಠಿಯ ಹೆಸರು 'ದಲಿತ ಸಂವೇದನೆ'. ಛಂದಸ್ಸಿನ ಬಗ್ಗೆ ಮಾತಾಡಿ ಅಂತ ಇವತ್ತಿನವರೆಗೆ ಒಬ್ಬರೂ ಕರೆದಿಲ್ಲ. ನಾನು ಛಂದಸ್ಸು ಪಾಠ ಮಾಡಿ ಹೊಟ್ಟೆ ಹೊರೆದವನು ಸ್ವಾಮಿ! ಈ ವಿಶೇಷಾಂಕದ ಬಗ್ಗೆಯೂ ನನಗೆ ಇದೇ ಗುಮಾನಿ. ಮಿತ್ರರು ಬೇಜಾರು ಮಾಡಿಕೊಳ್ಳಬಾರದು. ಇದು ಪತ್ರಿಕೆಯ ಉಳಿದ ಸಂಚಿಕೆಗಳ ಜೊತೆಗೋ, ಬದಲಿಗೋ? ಮುಂದಿನ ಸಾಮಾನ್ಯ ಸಂಚಿಕೆಯ ಪರಿವಿಡಿ ನೋಡಿದರೆ ಗೊತ್ತಾಗುತ್ತದೆ.

ಹಾಗಂತ ರಾಬಿನ್‌ಸನ್ ಗ್ರಂಥಾಲಯವನ್ನು ಬರೀ ಬೇಲಿ ಅಂದುಬಿಡುವುದೂ ಅರ್ಧ ಸತ್ಯ. ಅಲ್ಲಿಗೆ ಕಪ್ಪು ಮಕ್ಕಳು ಹೋದರು. ಅಲ್ಲಿ ಕಪ್ಪು ಗ್ರಂಥಪಾಲಕಿಯರು ಕೆಲಸ ಮಾಡಿದರು. ಬಿಳಿಯ ಮಕ್ಕಳ ಕೈಯಲ್ಲಿ ಸವೆದ ಪುಸ್ತಕವಾದರೂ ಅದರೊಳಗಿನ ಅಕ್ಷರ ಸವೆದಿರುವುದಿಲ್ಲ. ಇಪ್ಪತ್ತು ವರ್ಷ ಆ ಕೋಣೆ ಒಂದು ಸಮುದಾಯದ ಓದಿನ ಮನೆಯಾಗಿತ್ತು. ಟಕ್ಕರ್ ತನ್ನ ಕಾರ್ಡು ಬೇಡವೆಂದದ್ದು ಸರಿ. ಆ ಬಾಗಿಲಲ್ಲಿ ಒಳಗೆ ಹೋದ ಮಗುವಿನ ಹಸಿವೂ ಸರಿ. ನಮ್ಮ ಹಾಸ್ಟೆಲುಗಳಲ್ಲಿ ಅನ್ನ ತಿಂದು, ಅದೇ ಹಾಸ್ಟೆಲಿನ ಅಂಗಳದಲ್ಲಿ ಹೋರಾಟದ ಹಾಡು ಕಲಿತವರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ಬೇಲಿಯೊಳಗೆ ಬೆಳೆದದ್ದೂ ಬೆಳೆಯೇ. ಅದನ್ನು ತೋರಿಸಿ ಬೇಲಿಯನ್ನು ಹೊಗಳಿಸಿಕೊಳ್ಳಲು ಬಿಡಬಾರದು, ಅಷ್ಟೆ.

ಕ್ವೀನ್ ಬೀದಿಯ ಬಾಗಿಲು ಕಪ್ಪು ವಯಸ್ಕರಿಗೆ ತೆರೆದದ್ದು 1959ರಲ್ಲಿ; ಮಕ್ಕಳಿಗೆ 1962ರ ಹೊತ್ತಿಗೆ. ಟಕ್ಕರ್ ಅಷ್ಟರಲ್ಲಿ ಯುದ್ಧಕ್ಕೆ ಹೋಗಿ ಬಂದು, ವರ್ಜೀನಿಯದ ಊರೂರಿನ ಶಾಲಾ ಕೇಸುಗಳನ್ನು ನಡೆಸುತ್ತಿದ್ದ. 1968ರಲ್ಲಿ ಸುಪ್ರೀಂ ಕೋರ್ಟಿನ ಎದುರು ಗ್ರೀನ್ ಪ್ರಕರಣದಲ್ಲಿ ವಾದಿಸಿ ಗೆದ್ದವರಲ್ಲಿ ಅವನೂ ಒಬ್ಬ. ಯಾವ ಶಾಲೆಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ ಕೊಟ್ಟಿದ್ದೇವಲ್ಲ ಎಂದು ಕಾಗದದ ಮೇಲೆ ತೋರಿಸಿದರೆ ಸಾಲದು, ಪ್ರತ್ಯೇಕತೆಯನ್ನು ಬೇರುಸಹಿತ ಕೀಳಬೇಕು ಎಂದು ಕೋರ್ಟಿನಿಂದ ಹೇಳಿಸಿದ ಪ್ರಕರಣ ಅದು. 1990ರಲ್ಲಿ ತೀರಿಕೊಂಡ. 2000ದಲ್ಲಿ ಊರಿನ ಒಂದು ಪ್ರಾಥಮಿಕ ಶಾಲೆಗೆ ಅವನ ಹೆಸರಿಟ್ಟರು.

ಓದುತ್ತಾ ಕೂತ ಆ ಐವರ ಮೇಲಿನ 'ಅಶಿಸ್ತಿನ' ಆರೋಪ ಕೋರ್ಟಿನ ಕಡತದಲ್ಲಿ ಹಾಗೇ ಮಲಗಿತ್ತು. ಗ್ರಂಥಾಲಯದ ಸಿಬ್ಬಂದಿಯೇ ಹಳೆಯ ಕಾಗದ ಕೆದಕಿ, ಇದಕ್ಕೆ ತೀರ್ಪೇ ಆಗಿಲ್ಲ ಅಂತ ಕಂಡುಕೊಂಡರು. 2019ರ ಅಕ್ಟೋಬರ್‌ನಲ್ಲಿ ಅಲೆಕ್ಸಾಂಡ್ರಿಯದ ಕೋರ್ಟು ಆರೋಪಗಳನ್ನು ವಜಾ ಮಾಡಿತು. ಎಂಬತ್ತು ವರ್ಷ.

ಎರಡು ಕಟ್ಟಡಗಳೂ ಇಂದಿಗೂ ನಿಂತಿವೆ, ನಡುವೆ ಕೆಲವೇ ಬೀದಿಗಳ ಅಂತರ. ಬ್ಯಾರೆಟ್ ಗ್ರಂಥಾಲಯವನ್ನು 1990ರ ದಶಕದಲ್ಲಿ ವಿಸ್ತರಿಸಲು ನೆಲ ಅಗೆದಾಗ ಹಳೆಯ ಕ್ವೇಕರ್ ಗೋರಿಗಳು ಸಿಕ್ಕವು. ರಾಬಿನ್‌ಸನ್ ಗ್ರಂಥಾಲಯ ಬಾಗಿಲು ಹಾಕಿದ ಮೇಲೆ ಬೇರೆ ಬೇರೆ ಕೆಲಸಗಳಿಗೆ ಬಳಕೆಯಾಗುತ್ತಿತ್ತು. ಅದನ್ನು ನಮ್ಮ ಚರಿತ್ರೆಗೆ ಬಿಟ್ಟುಕೊಡಿ ಎಂದು ನಗರಸಭೆಯನ್ನು ಒತ್ತಾಯಿಸಿದವರಲ್ಲಿ ಊರಿನ ಕಪ್ಪು ಮಕ್ಕಳ ಶಾಲೆಯಾಗಿದ್ದ ಪಾರ್ಕರ್-ಗ್ರೇ ಶಾಲೆಯ ಹಳೆಯ ವಿದ್ಯಾರ್ಥಿಗಳಿದ್ದರು. 1983ರಲ್ಲಿ ಅದು ಕಪ್ಪು ಜನರ ಇತಿಹಾಸ ಕೇಂದ್ರವಾಯಿತು, 2004ರಲ್ಲಿ ಮ್ಯೂಸಿಯಂ ಎಂದು ಹೆಸರು ಪಡೆಯಿತು. 1940ರಲ್ಲಿ ಕಟ್ಟಿದ ಆ ಓದುವ ಕೋಣೆ ಈಗ ಅಲ್ಲಿನ ಪ್ರದರ್ಶನದ ಕೋಣೆ. ಮಗ್ಗುಲಲ್ಲೇ ಓದುವವರಿಗೆ ಬೇರೊಂದು ಕೋಣೆ ಇದೆ. ಕಪ್ಪು ಜನರ ಚರಿತ್ರೆಯ ಪುಸ್ತಕಗಳು ಅಲ್ಲಿವೆ, ಅಲ್ಲೇ ಕೂತು ಓದಬೇಕು, ಮನೆಗೆ ಕೊಡುವುದಿಲ್ಲ.